16 ಪಿಎಸ್‌ಐ, ಹಳೇ ಪಜೆರೊ, ವಹೀಬಾ ಮರಳು

ಈ ಫೆಬ್ರವರಿಯಲ್ಲಿ ಒಮಾನ್‌ನ ಬಿದಿಯಾ ಊರಿನಿಂದ ಹೊರಟು, ವಹೀಬಾ ಮರಳುಗಾಡು ದಾಟಿ, ದಕ್ಷಿಣದ ಕಡಲ ತೀರ ಮುಟ್ಟಿದೆವು. ಎರಡು ಗಾಡಿ, ಐದು ಜನ, ಎರಡು ರಾತ್ರಿ. ಹೂತ ಗಾಡಿ ಎಳೆಯಲು ಒಂದು ಸಲವೂ ಹಗ್ಗ ಬಿಚ್ಚಲಿಲ್ಲ. "ಆ 3000 ಸಿಸಿ ಹಳೇ ಪಜೆರೊದಲ್ಲಿ ಆಗುವ ಕೆಲಸ ಅಲ್ಲ ಮಾರಾಯ" ಅಂತ ಮಸ್ಕತ್‌ನ ನಮ್ಮವರೇ ಹೇಳಿದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸಲ ನಾನೂ ಎಂಜಿನ್ನೇ ಎಲ್ಲ ಅಂದುಕೊಂಡಿದ್ದೆ. ಟೈರಿನ ಗಾಳಿಯನ್ನು 35 ಪಿಎಸ್‌ಐನಿಂದ (ಗಾಳಿಯ ಒತ್ತಡದ ಅಳತೆ) 25ಕ್ಕೆ ಇಳಿಸಿದ್ದೆ, ಅಷ್ಟೇ. ಮಧ್ಯಾಹ್ನ 2 ಗಂಟೆ. ಎರಡನೇ ದಿಬ್ಬದಲ್ಲೇ ಗಾಡಿ ಹೊಟ್ಟೆಯವರೆಗೆ ಹೂತಿತು. ಆಕ್ಸಿಲರೇಟರ್ ಒತ್ತಿದಷ್ಟೂ ಇನ್ನೂ ಕೆಳಗೆ. ಮೂರು ತಾಸು ಸಲಿಕೆ ಹಿಡಿದ ಮೇಲೆ ಒಬ್ಬ ಬೆದೂಯಿನ್ (ಮರುಭೂಮಿಯ ಅರಬ್ ಬುಡಕಟ್ಟಿನ) ಹುಡುಗ ಪಿಕಪ್‌ನಲ್ಲಿ ಬಂದು ಎಳೆದ. ದುಡ್ಡು ಬೇಡ ಅಂದ. ಆದರೆ ಗೇರ್‌ಬಾಕ್ಸ್ ಕಾದು ಕೆಟ್ಟಿತ್ತು, ಅದಕ್ಕೆ ಸುಮಾರು 140 ರಿಯಾಲ್ ಹೋಯಿತು. ಅವನ ಟೈರು ನೋಡಿದ್ದೇ ನನಗೆ ಪಾಠ. ಗಾಳಿ ಅಷ್ಟು ಇಳಿಸಿದ್ದರಿಂದ ಪೂರ್ತಿ ಚಪ್ಪಟೆಯಾಗಿ ಹರಡಿಕೊಂಡಿತ್ತು, ಮರಳಿಗೆ ಹೂಳದೆ ಮೇಲೇ ನಿಂತಿತ್ತು.

ಅಲ್ಲಿಂದ ಎರಡನ್ನೇ ಪಟ್ಟಾಗಿ ಹಿಡಿದೆ: ಟೈರಿನ ಗಾಳಿ ಮತ್ತು ಹೊರಡುವ ಹೊತ್ತು. ನನ್ನ ಗಾಡಿಗೆ, ನನ್ನ ಹೊರೆಗೆ 16 ಸರಿ. ಒಮ್ಮೆ 11ಕ್ಕೆ ಇಳಿಸಿ ನೋಡಿದೆ. ಹತ್ತುವುದೇನೋ ಚೆನ್ನಾಗಿ ಹತ್ತಿತು, ಆದರೆ ಸ್ಟೇರಿಂಗ್ ಸ್ವಲ್ಪ ಜೋರಾಗಿ ತಿರುಗಿಸಿದ್ದಕ್ಕೆ ಟೈರು ರಿಮ್ ಬಿಟ್ಟು ಬಂತು. ಜಾಕ್ ಇಟ್ಟರೆ ಜಾಕೇ ಮರಳಿಗೆ ಇಳಿಯಿತು. ಈಗ ಅದರ ಅಡಿಗೆ ಹಾಕಲು ಪ್ಲೈವುಡ್ ತುಂಡೊಂದು ಯಾವಾಗಲೂ ಡಿಕ್ಕಿಯಲ್ಲಿದೆ.

ಹೊತ್ತಿನ ವಿಷಯಕ್ಕೇ ಎಲ್ಲರೂ ಜಾಸ್ತಿ ತಕರಾರು ಮಾಡಿದ್ದು. ಬೆಳಗ್ಗೆ ಆರೂವರೆಗೆ ಹೊರಟು ಹತ್ತೂವರೆಗೆ ನಿಲ್ಲಿಸುತ್ತೇನೆ, ಮತ್ತೆ ನಾಲ್ಕಕ್ಕೆ ಶುರು. "ಅರ್ಧ ದಿನ ಸುಮ್ನೆ ಹಾಳು" ಅಂದರು. ಅಲ್ಲಿ ರಾತ್ರಿ ಇಬ್ಬನಿ ಬೀಳುತ್ತದೆ, ಬೆಳಗಿನ ಮರಳು ಗಟ್ಟಿ. ಇನ್ನೊಂದು, ನಡುಹಗಲಲ್ಲಿ ನೆರಳೇ ಇರುವುದಿಲ್ಲ. ದಿಬ್ಬ ಎಲ್ಲಿ ಮುಗಿದು ಎಲ್ಲಿ ಕಡಿದಾಗಿ ಬೀಳುತ್ತದೆ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಗಾಡಿ ಮೂತಿ ಮುಂದಾಗಿ ಬೀಳುವುದು ಹೀಗೇ.

ವಹೀಬಾದ ದೊಡ್ಡ ದಿಬ್ಬದ ಸಾಲುಗಳು ಉತ್ತರ ದಕ್ಷಿಣವಾಗಿವೆ. ನಡುವಿನ ತಗ್ಗಿನಲ್ಲಿ ಸಾಗುವುದು ಸುಲಭ, ಅಡ್ಡ ದಾಟುವುದೇ ಕಷ್ಟ. ಎಲ್ಲಿ ದಾಟಬೇಕು ಅಂತ ಆರಿಸಲು ನನ್ನದೊಂದು ಗುರುತಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಜೊತೆಗೆ ಬಂದವರಿಗೆ ತೋರಿಸುತ್ತೇನೆ.

ಹಿಂದೊಮ್ಮೆ, ಹೂತ ಚಕ್ರದಡಿಗೆ ಹಾಕುವ ಅಗ್ಗದ ಪ್ಲಾಸ್ಟಿಕ್ ಹಲಗೆ, ಜೋಡಿಗೆ 15 ರಿಯಾಲ್, ಮೊದಲ ದಿನವೇ ಮುರಿಯಿತು. ಆಮೇಲೆ ಅಕ್ಕಿಯ ಗೋಣಿಚೀಲ ಹಾಕಿ ನೋಡಿದೆ. ಒಣಗಿದ್ದನ್ನು ಚಕ್ರ ಹಿಂದಕ್ಕೆ ಎಸೆಯುತ್ತದೆ. ಒದ್ದೆ ಮಾಡಿ ತುದಿ ಹೂತರೆ ಕಚ್ಚಿಕೊಳ್ಳುತ್ತದೆ! ಆದರೆ ನೀರು ಪೋಲು, ಅದಕ್ಕೆ ಬಿಟ್ಟೆ. ನೀರು ತಲೆಗೆ ದಿನಕ್ಕೆ 6 ಲೀಟರ್ ಲೆಕ್ಕ. ಪೆಟ್ರೋಲ್ ರಸ್ತೆಯಲ್ಲಿ ಲೀಟರಿಗೆ 8 ಕಿ.ಮೀ. ಕೊಟ್ಟರೆ ಮರಳಲ್ಲಿ ನಾಲ್ಕು ಕೊಟ್ಟರೆ ದೊಡ್ಡದು.

ನನಗೆ ನಿಜವಾಗಿ ಹೆದರಿಕೆ ಮರಳಿನದ್ದಲ್ಲ, ಸಬ್ಖಾದ್ದು, ಅಂದರೆ ಕಡಲಂಚಿನ ಉಪ್ಪು ಬಯಲಿನದ್ದು. ವಹೀಬಾದ ದಕ್ಷಿಣಕ್ಕೆ, ಬರ್ ಅಲ್ ಹಿಕ್ಮಾನ್ ಕಡಲತೀರದ ಕಡೆ ಒಮ್ಮೆ ಸಿಕ್ಕಿಬಿದ್ದಿದ್ದೆ. ಮೇಲೆ ಒಣಗಿದ ಉಪ್ಪಿನ ಪದರ, ಕೆಳಗೆ ಕೆಸರು. ನಾನು ಕುಮಟಾದವನು, ಅಘನಾಶಿನಿಯ ಗಜನಿ (ಉಪ್ಪುನೀರು ನುಗ್ಗುವ ಗದ್ದೆ) ನೆಲ ತುಳಿದು ಬೆಳೆದವನು, ಆದರೂ ಮೋಸಹೋದೆ. ಅಲ್ಲಿ ಗಾಳಿ ಇಳಿಸಿದರೂ ಅಷ್ಟೇನೂ ಉಪಯೋಗವಿಲ್ಲ. ಹಳೇ ಚಕ್ರದ ಜಾಡು ಬಿಟ್ಟು ಒಂದು ಮಾರು ಆಚೆ ಹೋಗಬಾರದು. ಎರಡನೇ ಗಾಡಿ ದೂರದಲ್ಲೇ ನಿಂತಿರಬೇಕು, ಇಲ್ಲದಿದ್ದರೆ ಎರಡೂ ಹೋಗುತ್ತವೆ.

ಈ ಸಲ ಆದದ್ದು ಒಂದೇ ನಷ್ಟ. ಡಾಂಬರು ಸಿಕ್ಕ ಖುಷಿಯಲ್ಲಿ ಜೊತೆಗಾರ ಗಾಳಿ ತುಂಬದೆ 100ರ ವೇಗದಲ್ಲಿ ಹೊಡೆದ. ಹತ್ತಿಪ್ಪತ್ತು ಕಿಲೋಮೀಟರಿಗೇ ಟೈರಿನ ಪಕ್ಕೆ ಕಾದು ಸೀಳಿತು. ಎರಡು ಟೈರು, ಹತ್ತಿರ ಹತ್ತಿರ 90 ರಿಯಾಲ್. ಗಾಳಿ ತುಂಬುವ ಕಂಪ್ರೆಸರ್ ಅವನ ಸೀಟಿನ ಹಿಂದೆಯೇ ಇತ್ತು.