ಕೆನಡಾದ ಕ್ಯಾಲ್ಗರಿಯಲ್ಲಿ ಕಾರ್ನರ್ ಮನೆ ಕೊಂಡವರು ಸ್ನೋ ಬೀಳುವ ಮೊದಲೇ ಓದಿ

ಈಚೆಗೆ ಇಬ್ಬರು ಗೆಳೆಯರ ಗೃಹಪ್ರವೇಶಕ್ಕೆ ಹೋಗಿದ್ದೆ. ಎರಡೂ ಕಾರ್ನರ್ ಮನೆಗಳು. ಬೆಳಕು ಚೆನ್ನಾಗಿದೆ, ಒಂದು ಪಕ್ಕ ಖಾಲಿ ಇದೆ ಅಂತ ಇಬ್ಬರಿಗೂ ಖುಷಿ. "ಫುಟ್‌ಪಾತ್ ಸ್ನೋಗೆ ಏನು ಮಾಡ್ತೀರಿ?" ಅಂತ ಕೇಳಿದೆ. "ಅದನ್ನ ಸಿಟಿಯವರು ತೆಗೀತಾರಲ್ವಾ?" ಅಂದರು. ನಾನೂ ಒಂದು ಕಾಲಕ್ಕೆ ಹಾಗೇ ಅಂದುಕೊಂಡಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಜಾಕೆಟ್, ವಿಂಟರ್ ಟೈರ್ ವಿಷಯ ನಿಮಗೆ ಗೊತ್ತೇ ಇರುತ್ತದೆ, ಬಿಡಿ.

ಮೊದಲು ರಸ್ತೆ. ಸ್ನೋ ತೆಗೆಯಲು ಕ್ಯಾಲ್ಗರಿಯದು 7 ದಿನದ ಯೋಜನೆ. ಸ್ನೋ ನಿಂತ ಮೇಲೆ ಲೆಕ್ಕ ಶುರು. ಕ್ರೋಚೈಲ್ಡ್ ಟ್ರೈಲ್, ಗ್ಲೆನ್‌ಮೋರ್ ಟ್ರೈಲ್‌ನಂಥ ಭಾರಿ ರಸ್ತೆಗಳು ಮೊದಲು, ಆಮೇಲೆ ಅದಕ್ಕಿಂತ ಕಡಿಮೆ ಓಡಾಟದವು. ನಮ್ಮ ಮನೆ ಮುಂದಿನ ರಸ್ತೆ ಕೊನೆಗೆ. ನಡುವೆ ಮತ್ತೆ ಸ್ನೋ ಬಿದ್ದರೆ ಲೆಕ್ಕ ಮೊದಲಿಂದ. ಹಾಗಾಗಿ ಮಾರನೇ ದಿನವೇ ಸಿಟಿಯ ಸಹಾಯವಾಣಿ 311ಕ್ಕೆ ಫೋನ್ ಮಾಡಿ ಸಿಟ್ಟಾಗಬೇಡಿ. ಡೀರ್‌ಫುಟ್ ಮತ್ತು ಸ್ಟೋನಿ ಟ್ರೈಲ್ ಪ್ರಾಂತ್ಯ ಸರ್ಕಾರದ ಪಾಲು, ಸಿಟಿಯದಲ್ಲ. ನೀಲಿ ಬೋರ್ಡಿನ ಮೇಲೆ ಬಿಳಿ ಸ್ನೋ ಹರಳಿನ ಚಿತ್ರ ಇದ್ದರೆ ಅದು ಸ್ನೋ ರೂಟ್. ಪಾರ್ಕಿಂಗ್ ಬ್ಯಾನ್ ಘೋಷಿಸಿದಾಗ ಅಲ್ಲಿ ಕಾರು ನಿಲ್ಲಿಸಿದರೆ ದಂಡ ಗ್ಯಾರಂಟಿ.

ಈಗ ಫುಟ್‌ಪಾತ್. ಇಲ್ಲೇ ನಮ್ಮವರು ಸಿಕ್ಕಿಬೀಳುವುದು.

ನಿಮ್ಮ ಜಾಗಕ್ಕೆ ತಾಗಿದ ಫುಟ್‌ಪಾತ್ ನಿಮ್ಮ ಹೊಣೆ. ಸ್ನೋ ನಿಂತ 24 ಗಂಟೆಯೊಳಗೆ ಕಾಂಕ್ರೀಟ್ ಕಾಣುವ ಹಾಗೆ, ಪೂರ್ತಿ ಅಗಲಕ್ಕೆ ತೆಗೆದಿರಬೇಕು. ನಡುವೆ ಒಂದು ಸಲಿಕೆ ಅಗಲದ ದಾರಿ ಮಾಡಿಟ್ಟರೆ ಸಾಲದು. ಕಾರ್ನರ್ ಮನೆಯಾದರೆ ಮುಂದಿನದೂ ನಿಮ್ಮದೇ, ಪಕ್ಕದ್ದೂ ನಿಮ್ಮದೇ. ಈ ಪಕ್ಕದ್ದನ್ನೇ ಎಲ್ಲರೂ ಮರೆಯುತ್ತಾರೆ.

ತಂಗಿ ಮದುವೆಗೆ ಅಂತ ಡಿಸೆಂಬರಿನಲ್ಲಿ ಐದು ವಾರ ಊರಿಗೆ ಹೋಗಿದ್ದೆವು. ನಮ್ಮ ಬೀದಿಯಲ್ಲೇ ಇರುವ ಹುಡುಗನೊಬ್ಬನಿಗೆ ದುಡ್ಡು ಕೊಟ್ಟು ಸ್ನೋ ತೆಗೆಯಲು ಹೇಳಿದ್ದೆ. ಪ್ರತಿ ಸಲ ವಾಟ್ಸಾಪಿನಲ್ಲಿ ಫೋಟೋ ಕಳಿಸುತ್ತಿದ್ದ. ಮನೆ ಮುಂದೆ ನೀಟಾಗಿತ್ತು. ಬೇಲಿಯಾಚೆಗಿನ ಉದ್ದನೆಯ ಫುಟ್‌ಪಾತ್ ಅವನಿಗೆ ತೋರಿಸಿಯೇ ಇರಲಿಲ್ಲ. ಅದು ಅಡುಗೆಮನೆ ಕಿಟಕಿಗೂ ಕಾಣುವುದಿಲ್ಲ. ವಾಪಸ್ ಬಂದು ನೋಡಿದರೆ ಬಾಗಿಲಲ್ಲಿ ನೋಟಿಸ್, ಜೊತೆಗೆ ದಂಡದ ಚೀಟಿ. ಆಮೇಲೆ ಬಿಲ್ಲೂ ಬಂತು. ಯಾರೋ ದೂರು ಕೊಟ್ಟಿದ್ದರು, ಅಧಿಕಾರಿ ನೋಡಿ ಹೋಗಿದ್ದರು. ನೋಟಿಸ್ ಓದುವವರು ಮನೆಯಲ್ಲಿ ಇರಲಿಲ್ಲ, ಸಿಟಿಯವರೇ ಜನ ಕಳಿಸಿ ತೆಗೆಸಿದ್ದರು. ಹಾಗೆ ತೆಗೆಸಿದರೆ ಕನಿಷ್ಠ 150 ಡಾಲರ್, ಮೇಲೆ ಜಿಎಸ್‌ಟಿ. ದಂಡ ಬೇರೆ: ಮೊದಲ ಸಲ 250, ಎರಡನೇ ಸಲ 500, ಮೂರನೇ ಸಲ 750. ಬಿಲ್ ಕಟ್ಟದೆ ಸುಮ್ನೆ ಬಿಟ್ಟರೆ ಅದು ಮನೆ ತೆರಿಗೆಗೆ ಸೇರುತ್ತದೆ.

ದುಡ್ಡು ಹೋಯಿತು, ಸರಿ. ಆದರೆ ಅವರು ತೆಗೆದ ಮೇಲೆ ಮತ್ತೆ ಸ್ನೋ ಬಿದ್ದಿತ್ತು. ಜನ ತುಳಿದಿದ್ದರು. ನಡುವೆ ಶಿನೂಕ್ ಅನ್ನುವ ಬೆಚ್ಚನೆಯ ಗಾಳಿ ಬೀಸಿ ಹಗಲು ಕರಗಿ, ರಾತ್ರಿ ಹೆಪ್ಪುಗಟ್ಟಿತ್ತು. ಒಂದೊಂದು ಬೂಟಿನ ಗುರುತೂ ಕಲ್ಲಾಗಿತ್ತು. ನಾನೂ ನನ್ನ ಹೆಂಡತಿಯೂ ಎರಡು ಸಂಜೆ ಕಬ್ಬಿಣದ ಹಾರೆಯಲ್ಲಿ ಕುಟ್ಟಿದೆವು. ಆಗ ವಯಸ್ಸಾದ ಹೆಂಗಸೊಬ್ಬರು ನಾಯಿ ಹಿಡಿದು ಬಂದರು. ಆ ಐಸ್ ನೋಡಿ ನಿಂತರು, ಏನೂ ಅನ್ನದೆ ರಸ್ತೆಗೆ ಇಳಿದು ಕಾರುಗಳ ಪಕ್ಕದಲ್ಲೇ ನಡೆದು ಹೋದರು. ಆ ದಂಡ ನ್ಯಾಯ ಅಂತ ಅವತ್ತು ಅನ್ನಿಸಿತು.

ಊರಿಗೆ ಹೋಗುವಾಗ ಹೀಗೆ ಮಾಡಿ. ಸ್ನೋ ತೆಗೆಯಲು ಒಪ್ಪಿಕೊಂಡವರ ಜೊತೆ ಜಾಗದ ಸುತ್ತ ಒಮ್ಮೆ ನಡೆದು, ಎಲ್ಲಿಂದ ಎಲ್ಲಿವರೆಗೆ ಅಂತ ಕೈಯಲ್ಲಿ ತೋರಿಸಿ. ಫೋಟೋ ಎರಡೂ ಕಡೆಯದು ಕೇಳಿ. ಬಾಗಿಲಿಗೆ ಬಂದ ಕಾಗದ ನೋಡಲು ಇನ್ನೊಬ್ಬರಿಗೆ ಹೇಳಿ. ಬಾಡಿಗೆಗೆ ಇರುವವರು ಸಲಿಕೆ ಹಿಡಿಯುವುದು ಯಾರು ಅಂತ ಕರಾರಿನಲ್ಲೇ ಬರೆಸಿಕೊಳ್ಳಿ, ಬಾಯಿಮಾತು ನಂಬಬೇಡಿ. ಚಾವಣಿ ಪೈಪಿನ ನೀರು ಫುಟ್‌ಪಾತಿಗೆ ಹರಿಯುತ್ತಿದ್ದರೆ ಈಗಲೇ ತಿರುಗಿಸಿ. ತೆಗೆದ ಸ್ನೋ ರಸ್ತೆಗೆ ತಳ್ಳಬೇಡಿ, ನಿಮ್ಮ ಹುಲ್ಲಿನ ಮೇಲೆ ಹಾಕಿ.

ಮಾಂಟ್ರಿಯಲ್‌ನಲ್ಲಿ ಪುಟ್ಟ ಯಂತ್ರಗಳಲ್ಲಿ ಸಿಟಿಯೇ ಫುಟ್‌ಪಾತ್ ತೆಗೆಸುತ್ತದೆ. ನನಗೆ ಅದೇ ಸರಿ ಅನ್ನಿಸುತ್ತದೆ. ಇಲ್ಲಿ ಒಬ್ಬರು ತೆಗೆಯದಿದ್ದರೆ ಸಾಕು, ಗಾಲಿಕುರ್ಚಿಯವರಿಗೆ ಇಡೀ ದಾರಿಯೇ ಮುಚ್ಚಿಹೋಗುತ್ತದೆ. ಕೈಲಾಗದ ಹಿರಿಯರಿಗೆ ಅಕ್ಕಪಕ್ಕದವರು ತೆಗೆದುಕೊಡಲಿ ಅಂತ ಸ್ನೋ ಏಂಜೆಲ್ಸ್ ಕಾರ್ಯಕ್ರಮ ಇದೆ, ಅದು ಒಳ್ಳೆಯದೇ. ಆದರೆ ಎಲ್ಲರ ಓಡಾಟದ ದಾರಿಯನ್ನು ನೆರೆಯವರ ಒಳ್ಳೆಯತನಕ್ಕೆ ಬಿಡಬಾರದು.

ಮಾರ್ಚ್ ಮುಗಿಯಿತು ಅಂತ ಸಲಿಕೆಯನ್ನು ಗ್ಯಾರೇಜಿನ ಹಿಂದಕ್ಕೆ ಸೇರಿಸಬೇಡಿ. ಇಲ್ಲಿ ಮೇ ತಿಂಗಳಲ್ಲೂ ಸ್ನೋ ಬೀಳುತ್ತದೆ. ಆಗಲೂ ಅದೇ 24 ಗಂಟೆ.