ನೆಲ ಡೊಂಕಿದ್ದರೂ ಕುಣಿಯುವುದು: ಸೋಲೋ ಕ್ಯೂನಲ್ಲಿ ಸಿಲ್ವರ್‌ನಿಂದ ಅಸೆಂಡೆಂಟ್‌ಗೆ

ವ್ಯಾಲರಂಟ್ ಎಂಬ ಐವರಿಗೆ ಐವರ ಶೂಟಿಂಗ್ ಆಟದಲ್ಲಿ ನನ್ನ ರ‍್ಯಾಂಕ್ ಏರಿದ್ದು ಸಿಲ್ವರ್ 2ರಿಂದ ಅಸೆಂಡೆಂಟ್ 1ಕ್ಕೆ. ಸುಮಾರು 440 ಮ್ಯಾಚ್, ಅದರಲ್ಲಿ 400ರಷ್ಟು ಒಬ್ಬನೇ ಕ್ಯೂ ಹಾಕಿ ಆಡಿದ್ದು. ವ್ಯಾಲರಂಟ್‌ನಲ್ಲಿ ಜೊತೆಗಾರರಿಲ್ಲದೆ ಗೋಲ್ಡ್ ದಾಟುವುದಿಲ್ಲ, ದಾಟಬೇಕಿದ್ದರೆ ಡ್ಯುಯಲಿಸ್ಟ್ (ಮುಂದೆ ನುಗ್ಗಿ ಕಾದಾಡುವ ಪಾತ್ರ) ಹಿಡಿದು ಪ್ರತಿ ಮ್ಯಾಚಿಗೆ 30 ಕಿಲ್ ತೆಗೆಯಬೇಕು, ಸ್ಮೋಕ್ (ಎದುರಾಳಿಯ ನೋಟ ತಡೆಯುವ ಹೊಗೆ) ಹಾಕುವವನ ರ‍್ಯಾಂಕ್ ಬೇರೆಯವರ ಕೈಯಲ್ಲಿರುತ್ತದೆ ಎಂದು ಗೊತ್ತಿರುವವರೆಲ್ಲ ಹೇಳಿದ್ದರು. ನಾನು ಹತ್ತಿದ್ದು ಸ್ಮೋಕ್ ಹಾಕಿಯೇ. ಸರಾಸರಿ ಕಿಲ್ 15 ದಾಟಿರಲಿಕ್ಕಿಲ್ಲ.

ಗೆಲುವು ನೂರಕ್ಕೆ 54ರ ಆಸುಪಾಸಿನಲ್ಲೇ ಇತ್ತು. ಕಡಿಮೆ ಅನ್ನಿಸಬಹುದು, ಆದರೆ ಲೆಕ್ಕ ಹಾಕಿ ನೋಡಿ. ಗೆದ್ದರೆ ಸುಮಾರು 20 ಆರ್‌ಆರ್ (ರ‍್ಯಾಂಕಿನ ಅಂಕ), ಸೋತರೆ ಸುಮಾರು 18 ಎಂದಿಟ್ಟುಕೊಂಡರೆ 100 ಮ್ಯಾಚಿಗೆ 1080 ಬರುತ್ತದೆ, 828 ಹೋಗುತ್ತದೆ, 250 ಉಳಿಯುತ್ತದೆ. ಮೆಟ್ಟಿಲಿಗೆ 100ರಂತೆ ಎರಡೂವರೆ ಮೆಟ್ಟಿಲು. ನನಗೆ ಬೇಕಿದ್ದುದು 11 ಮೆಟ್ಟಿಲು. ನೂರರಲ್ಲಿ 46 ಮ್ಯಾಚ್ ಸೋಲುತ್ತಲೇ ಮೇಲೆ ಹೋಗುವುದು ಎಂದು ತಲೆಗೆ ಹತ್ತಿದ ಮೇಲೆ ಒಂದೊಂದು ಸೋಲಿಗೂ ಟೀಮ್‌ಮೇಟ್‌ನನ್ನು ಬೈಯುವ ಅಗತ್ಯವೇ ಬೀಳಲಿಲ್ಲ.

ಮೊದಲು ಕೆಲಸ ಮಾಡದ ದಾರಿಗಳು. ರೇನಾ ಎಂಬ ಡ್ಯುಯಲಿಸ್ಟ್ ಹಿಡಿದು ಹೆಚ್ಚುಕಡಿಮೆ 80 ಮ್ಯಾಚ್ ಆಡಿದೆ. ಕಿಲ್ ಏರಿತು, ರ‍್ಯಾಂಕ್ ಇಳಿಯಿತು. ರೆಕಾರ್ಡಿಂಗ್ ಹಾಕಿ ಎಣಿಸಿದಾಗ ಕಾರಣ ಸಿಕ್ಕಿತು: ಕಿಲ್‌ಗಳಲ್ಲಿ ಅರ್ಧದಷ್ಟು ಬಂದಿದ್ದು ರೌಂಡ್ ಕೈಬಿಟ್ಟ ಮೇಲೆ, ನಾವು ಇಬ್ಬರು ಅವರು ಐವರು ಇದ್ದಾಗ. ಸ್ಕೋರ್‌ಬೋರ್ಡಿನ ತುದಿಯಲ್ಲಿದ್ದವನಿಗೆ ಸೋಲು ಬೇರೆಯವರದು ಅನ್ನಿಸುತ್ತದೆ, ಹಾಗಾಗಿ ತಪ್ಪು ಕಣ್ಣಿಗೇ ಬೀಳುವುದಿಲ್ಲ.

ಎರಡನೆಯದು ಎಲ್ಲರನ್ನೂ ಮ್ಯೂಟ್ ಮಾಡಿ ಆಡುವುದು. 40 ಮ್ಯಾಚ್ ನೋಡಿದೆ. ತಲೆ ತಣ್ಣಗಿತ್ತು, ಗೆಲುವಿನ ಪ್ರಮಾಣ ಇದ್ದಲ್ಲೇ ಇತ್ತು. ಬೈಗುಳದ ಜೊತೆ ಮಾಹಿತಿಯೂ ಹೋಗುತ್ತದೆ. ಈಗ ನಿಯಮ ಬೇರೆ: ಯಾರಾದರೂ ಎರಡನೇ ಸಲ ಮತ್ತೊಬ್ಬನ ಆಟವನ್ನು ಆಡಿಕೊಂಡರೆ ಅವನ ಧ್ವನಿಯನ್ನಷ್ಟೇ ನಿಲ್ಲಿಸುತ್ತೇನೆ, ಪಿಂಗ್ (ಮ್ಯಾಪ್ ಮೇಲೆ ಹಾಕುವ ಗುರುತು) ಹಾಗೇ ಇರಲು ಬಿಡುತ್ತೇನೆ. ಎಷ್ಟೇ ಕೋಪದಲ್ಲಿದ್ದವನ ಪಿಂಗ್ ಕೂಡ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ.

ಮೂರನೆಯದು ಹಣ. ಹಗುರ ಮೌಸ್, ಮೂರು ಮೌಸ್‌ಪ್ಯಾಡ್, ಎರಡು ಸಲ ದುಡ್ಡು ಕೊಟ್ಟು ಪಾಠ. 60 ಹರ್ಟ್ಸ್‌ನಿಂದ 144ಕ್ಕೆ ಹೋದ ಮಾನಿಟರ್ ಬಿಟ್ಟರೆ ಉಳಿದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಕೆಲಸ ಮಾಡಿದ್ದು ಇದು: ಟೀಮ್‌ಮೇಟ್‌ನನ್ನು ತಿದ್ದಲು ಹೋಗದೆ, ಅವನು ಹೇಗೂ ಮಾಡುವುದನ್ನು ಮೊದಲ ಮೂರು ರೌಂಡಿನಲ್ಲಿ ಗುರುತಿಸಿ, ಅದು ಉಪಯೋಗಕ್ಕೆ ಬರುವ ಜಾಗದಲ್ಲಿ ಹೋಗಿ ನಿಲ್ಲುವುದು. ಒಬ್ಬನೇ ನುಗ್ಗುವವನು ಪ್ರತಿ ರೌಂಡೂ ನುಗ್ಗುತ್ತಾನೆ. ಒಬ್ಬನೇ ಇನ್ನೊಂದು ಬದಿಯಲ್ಲಿ ಸುತ್ತುವವನು ಕೊನೆಯವರೆಗೂ ಸುತ್ತುತ್ತಾನೆ. ಇಬ್ಬರೂ ಏನು ಮಾಡುತ್ತಾರೆಂದು ಮೊದಲೇ ಗೊತ್ತಿರುವುದೇ ದೊಡ್ಡ ಅನುಕೂಲ.

ನುಗ್ಗುವವನ ಹಿಂದೆ ಮೂರು ನಾಲ್ಕು ಮೀಟರ್ ಅಂತರದಲ್ಲಿ, ಸ್ವಲ್ಪ ಪಕ್ಕಕ್ಕೆ ಸರಿದು ಹೋಗಬೇಕು. ನೇರ ಹಿಂದೆ ನಿಂತರೆ ಒಂದೇ ಸ್ಪ್ರೇಗೆ ಇಬ್ಬರೂ ಬೀಳುತ್ತೀರಿ, ಹತ್ತು ಮೀಟರ್ ಹಿಂದಿದ್ದರೆ ಹೊಡೆದವನು ಮರೆಗೆ ಸರಿದಿರುತ್ತಾನೆ. ಅವನನ್ನು ಕೊಂದವನ ಕ್ರಾಸ್‌ಹೇರ್ ಆಗ ಅವನ ಹೆಣದ ಮೇಲಿರುತ್ತದೆ, ಗನ್ನಿನ ಒದೆತ ಇನ್ನೂ ಇಳಿದಿರುವುದಿಲ್ಲ. ಆ ಒಂದು ಸೆಕೆಂಡಿನಲ್ಲಿ ಟ್ರೇಡ್ ಸಿಕ್ಕರೆ, ಅಂದರೆ ಕೊಂದವನನ್ನು ಕೂಡಲೇ ಕೊಂದರೆ, ನಾಲ್ಕಕ್ಕೆ ನಾಲ್ಕು, ಸೈಟ್ (ಬಾಂಬ್ ಇಡುವ ಜಾಗ) ಅರ್ಧ ತೆರೆದಂತೆ. ನುಗ್ಗಿದವನು ಸತ್ತ ಮೇಲೆ ಬೈಯುವ ಮೊದಲೇ "ನೈಸ್ ಎಂಟ್ರಿ, ಟ್ರೇಡ್ ಆಯ್ತು" ಎಂದುಬಿಡುತ್ತೇನೆ. ಮುಂದಿನ ರೌಂಡ್ ಅವನೇ ತಿರುಗಿ ನಾನು ಹಿಂದೆ ಇದ್ದೇನಾ ಎಂದು ನೋಡುತ್ತಾನೆ.

ಈಗ ಕ್ರೆಡಿಟ್ಸ್, ಅಂದರೆ ರೌಂಡಿಗೆ ಮುಂಚೆ ಗನ್, ಶೀಲ್ಡ್ ಕೊಳ್ಳುವ ಆಟದೊಳಗಿನ ಹಣ. ಸಿಲ್ವರ್, ಗೋಲ್ಡ್‌ನಲ್ಲಿ ಅರ್ಧಕ್ಕರ್ಧ ಮ್ಯಾಚ್ ಹಾಳಾಗುವುದು ಗುರಿ ತಪ್ಪಿಯಲ್ಲ, ಖರೀದಿ ಹೊಂದದೆ. ಪಿಸ್ತೂಲ್ ರೌಂಡ್, ಅಂದರೆ ಮೊದಲ ರೌಂಡ್, ಸೋತಿರಿ, ಕೈಯಲ್ಲಿ ಏನೂ ಉಳಿದಿಲ್ಲ ಎನ್ನಿ. ಸೋಲಿನ ಬೋನಸ್ 1900. ಎರಡನೇ ರೌಂಡ್ ಏನೂ ಕೊಳ್ಳದೆ ಸೋತರೆ 2400 ಸೇರಿ 4300. ವ್ಯಾಂಡಲ್ ಅಥವಾ ಫ್ಯಾಂಟಮ್ ರೈಫಲ್ 2900, ಹೆವಿ ಶೀಲ್ಡ್ 1000, ಇನ್ನೂ 400 ಉಳಿಯುತ್ತದೆ. ಶೆರಿಫ್ ಪಿಸ್ತೂಲ್ ಬೇಕೇ ಬೇಕು ಎಂದರೆ 800 ಕೊಟ್ಟು ತಗೊಳ್ಳಬಹುದು, ಆಗ ಮೂರನೇ ರೌಂಡಿಗೆ 3500. ರೈಫಲ್ ಜೊತೆಗೆ ಹೆವಿ ಬದಲು 400ರ ಲೈಟ್ ಶೀಲ್ಡ್. ಅದೂ ನಡೆಯುತ್ತದೆ, ಏಕೆಂದರೆ ಶೆರಿಫ್ ತಲೆಗೆ 30 ಮೀಟರ್ ಒಳಗೆ 159, ಹೆವಿ ಹಾಕಿದವನೂ (ಒಟ್ಟು ಜೀವ 150) ಒಂದೇ ಗುಂಡಿಗೆ ಬೀಳುತ್ತಾನೆ. ಆದರೆ 1600 ಕೊಟ್ಟು ಸ್ಪೆಕ್ಟರ್ ಕೊಂಡು ಸೋತವನ ಕೈಯಲ್ಲಿ ಮೂರನೇ ರೌಂಡಿಗೆ 2700 ಮಾತ್ರ ಇರುತ್ತದೆ, ವ್ಯಾಂಡಲ್, ಫ್ಯಾಂಟಮ್ ಎರಡೂ ಬರುವುದಿಲ್ಲ. ಇಬ್ಬರು ಸ್ಪೆಕ್ಟರ್ ಕೊಂಡು ಮೂವರು ಉಳಿಸಿದರೆ ಎರಡನೇ ರೌಂಡೂ ಅರೆಬರೆ, ಮೂರನೇ ರೌಂಡೂ ಅರೆಬರೆ.

ಸೇವ್ ಮಾಡಿ ಎಂದು ಹೇಳುವುದಕ್ಕೂ ಹೊತ್ತು ಗೊತ್ತು ಇದೆ. ಖರೀದಿಗೆ 30 ಸೆಕೆಂಡ್ ಸಿಗುತ್ತದೆ. ಮೊದಲ ಐದು ಸೆಕೆಂಡಿನಲ್ಲೇ ಅಂಕಿ ಸಮೇತ ಹೇಳಬೇಕು: "ಗುರು, ಈಗ ಬಿಟ್ರೆ ಮುಂದಿನ ರೌಂಡ್ 4300, ಎಲ್ರಿಗೂ ರೈಫಲ್." ಹತ್ತು ಸೆಕೆಂಡ್ ಕಳೆದರೆ ಗನ್ ಕೈಗೆ ಬಂದಿರುತ್ತದೆ. ಮಾರಲು ಆಗ ಅವಕಾಶವಿದ್ದರೂ ಯಾರೂ ಮಾರುವುದಿಲ್ಲ. ಅಂಕಿ ಇಲ್ಲದೆ ಬರೀ "ಸೇವ್, ಸೇವ್" ಎಂದು ಕೂಗಿದರೆ ಅಪ್ಪಣೆ ಕೊಟ್ಟಂತೆ ಕೇಳಿಸುತ್ತದೆ, ಅಪ್ಪಣೆಗೆ ಸೋಲೋ ಕ್ಯೂನಲ್ಲಿ ಬೆಲೆಯಿಲ್ಲ.

ಅಷ್ಟಾಗಿಯೂ ಮೂವರು ಕೊಂಡಿದ್ದರೆ ನಾನೂ ಕೊಳ್ಳುತ್ತೇನೆ. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು, ಆದರೆ ರ‍್ಯಾಂಕ್ ಏರಲು ಶುರುವಾಗಿದ್ದು ಇಲ್ಲಿಂದಲೇ. ಐವರೂ ಸೇರಿ ಒಂದೇ ತಪ್ಪು ಮಾಡಿದರೆ ರೌಂಡ್ ಗೆಲ್ಲುವ ಸಾಧ್ಯತೆ ಇರುತ್ತದೆ, ಮೂವರ ತಪ್ಪಿಗೆ ಇಬ್ಬರ ಸರಿ ಜೊತೆಯಾದರೆ ಅದೂ ಇರುವುದಿಲ್ಲ. ಒಬ್ಬನೇ ಕೊಂಡಿದ್ದರೆ ಮಾತ್ರ ಬಿಟ್ಟುಬಿಡುವುದು.

ಜೀವ ಉಳಿಸಿಕೊಳ್ಳುವುದರಲ್ಲೂ ಲೆಕ್ಕವಿದೆ, ಇದನ್ನು ಡೈಮಂಡ್‌ನಲ್ಲೂ ತಪ್ಪುತ್ತಾರೆ. ದಾಳಿಯಲ್ಲಿ ಸ್ಪೈಕ್ (ಬಾಂಬ್) ಇಡದೆ ಸಮಯ ಮುಗಿಸಿ ಬದುಕುಳಿದರೆ, ರಕ್ಷಣೆಯಲ್ಲಿ ಸ್ಪೈಕ್ ಸಿಡಿದ ಮೇಲೂ ಬದುಕುಳಿದರೆ, ಸಿಗುವುದು ಬರೀ 1000. ಕೈಯಲ್ಲಿ ವ್ಯಾಂಡಲ್ ಇದ್ದರೆ 2900ರ ಗನ್ ಸೇರಿ 3900ಕ್ಕೆ ಸಮ, ಉಳಿಸಿದ್ದು ಲಾಭ. ಸ್ಪೆಕ್ಟರ್ ಹಿಡಿದು ಸತತ ಮೂರನೇ ಸೋಲಿನಲ್ಲಿ ಅಡಗಿ ಕೂತರೆ 2600ಕ್ಕೆ ಸಮ, ಸತ್ತಿದ್ದರೆ 2900 ಬರುತ್ತಿತ್ತು. ಆಗ ಹೋಗಿ ಕಾದಾಡಿ ಎದುರಾಳಿಯ ಒಂದು ರೈಫಲ್ ಕಳೆಯುವುದೇ ಮೇಲು. 12ನೇ ರೌಂಡಿನಲ್ಲಂತೂ ಯಾರೂ ಏನೂ ಉಳಿಸಬಾರದು, ಬದಿ ಬದಲಾದಾಗ ಎಲ್ಲ ಅಳಿಸಿ ಮತ್ತೆ 800ರಿಂದ ಶುರು.

ಕೈಯಲ್ಲಿ 6800 ಇದ್ದರೆ ಎರಡು ರೈಫಲ್, ಒಂದು ಹೆವಿ ಶೀಲ್ಡ್. ಎರಡನೇ ರೈಫಲ್ ನಾನು ಕೊಡುವುದು ತಂಡದಲ್ಲಿ ಅತಿ ಹೆಚ್ಚು ಕೂಗಾಡುವವನಿಗೆ. ಚೆನ್ನಾಗಿ ಆಡುವವನಿಗೆ ಕೊಡಿ ಎನ್ನುತ್ತಾರೆ, ನಾನು ಎರಡನ್ನೂ ಮಾಡಿ ನೋಡಿದೆ. ಕೂಗಾಡುವವನಿಗೆ ಕೊಟ್ಟಾಗ ಅವನು ಕನಿಷ್ಠ ಎರಡು ಮೂರು ರೌಂಡ್ ಬಾಯಿ ಮುಚ್ಚಿಕೊಂಡು ನನ್ನ ಹತ್ತಿರವೇ ಆಡುತ್ತಾನೆ. ಆ ಎರಡು ಮೂರು ರೌಂಡಿನ ಶಾಂತಿ 2900ಕ್ಕಿಂತ ಹೆಚ್ಚು ಬಾಳುತ್ತದೆ. ಮೇಲಾಗಿ 9000 ದಾಟಿದರೆ ಕ್ರೆಡಿಟ್ಸ್ ಸೇರುವುದೇ ಇಲ್ಲ, ಕೂಡಿಟ್ಟು ಪ್ರಯೋಜನವಿಲ್ಲ.

ಏಜೆಂಟ್, ಅಂದರೆ ಆಡಲು ಆರಿಸುವ ಪಾತ್ರದ, ವಿಷಯ ಚಿಕ್ಕದು. ಓಮೆನ್ ಅಥವಾ ಕ್ಲೋವ್; ಸ್ಮೋಕ್ ಹಾಕುವ ಏಜೆಂಟನ್ನು ಬೇರೆಯವರು ತೆಗೆದುಕೊಂಡಿದ್ದರೆ ಕಿಲ್‌ಜಾಯ್. ಕ್ಲೋವ್‌ಗೆ ಸತ್ತ ಮೇಲೂ ಸ್ಮೋಕ್ ಹಾಕಲು ಬರುತ್ತದೆ, ಹಾಗಾಗಿ ಗೋಲ್ಡ್‌ವರೆಗೆ ಅದೇ ಸಾಕು. ನಾನೇ ಮುಂದೆ ಹೋಗಿ ಸತ್ತರೂ ಉಳಿದವರಿಗೆ ಪರದೆ ಸಿಗುತ್ತದೆ. ಸ್ಮೋಕ್ ಹಿಡಿದವನಿಗೆ ವ್ಯಾಂಡಲ್‌ಗಿಂತ ಫ್ಯಾಂಟಮ್ ಒಳ್ಳೆಯದು, ಗುಂಡಿನ ಗೆರೆ ಎದುರಾಳಿಗೆ ಕಾಣುವುದಿಲ್ಲ. ದೂರ ಹೆಚ್ಚಾದಂತೆ ಹೊಡೆತ ಇಳಿಯುತ್ತದೆ ಎಂಬುದಷ್ಟೇ ನೆನಪಿರಲಿ, 15 ಮೀಟರ್ ಆಚೆ ತಲೆಗೆ 156 ಇದ್ದದ್ದು 140 ಆಗುತ್ತದೆ, ಹೆವಿ ಶೀಲ್ಡ್‌ನವನು ಉಳಿದುಬಿಡುತ್ತಾನೆ.

ಸ್ಮೋಕ್ ಯಾವಾಗ ಹಾಕಬೇಕು ಎಂಬುದರಲ್ಲಿ ನಾನು ಹೆಚ್ಚು ಸೋತಿದ್ದೇನೆ. ಓಮೆನ್ ಸ್ಮೋಕ್ ನಿಲ್ಲುವುದು 15 ಸೆಕೆಂಡ್. ಅಪರಿಚಿತರ ತಂಡ "ಎ ಹೋಗೋಣ" ಎಂದ ಮೇಲೂ ಬಾಗಿಲಲ್ಲಿ ಎಂಟು ಹತ್ತು ಸೆಕೆಂಡ್ ನಿಲ್ಲುತ್ತದೆ. ಮಾತು ಕೇಳಿ ಹಾಕಿದರೆ ಅವರು ಒಳಗೆ ಕಾಲಿಡುವ ಹೊತ್ತಿಗೆ ಹೊಗೆ ಕರಗಿರುತ್ತದೆ, ಬೈಗುಳ ನಿಮಗೆ. ನಾನು ಮಾತು ಕೇಳುವುದನ್ನೇ ಬಿಟ್ಟು ಮಿನಿಮ್ಯಾಪ್‌ನಲ್ಲಿ ಸ್ಪೈಕ್ ಹೊತ್ತವನ ಚುಕ್ಕೆಯನ್ನು ನೋಡತೊಡಗಿದೆ. ಆ ಚುಕ್ಕೆ ಇಕ್ಕಟ್ಟಿನ ಬಾಯಿ ದಾಟಿತು ಎಂದಾಗ ಮೊದಲ ಸ್ಮೋಕ್, ಸ್ಪೈಕ್ ಇಟ್ಟಾಗ ಎರಡನೆಯದು. ಅಸೆಂಟ್ ಮ್ಯಾಪ್‌ನ ಬಿ ಸೈಟ್‌ಗೆ ಎರಡನೇ ಸ್ಮೋಕ್ ಬೀಳುವ ಜಾಗವನ್ನು ಇಲ್ಲಿ ಬರೆಯುತ್ತಿಲ್ಲ. ನನ್ನ ಗೆಲುವುಗಳಲ್ಲಿ ಅದರ ಪಾಲು ದೊಡ್ಡದು, ಇನ್ನೂ ಒಂದಷ್ಟು ದಿನ ಅದು ನನಗೆ ಬೇಕು. ಮಾರ್ಕೆಟ್ ಬಾಗಿಲು ಮುಚ್ಚಿದೆಯೋ ಇಲ್ಲವೋ ಎಂಬುದಕ್ಕೆ ಸಂಬಂಧಿಸಿದ್ದು ಎಂದಷ್ಟೇ ಹೇಳುತ್ತೇನೆ.

ಕಾಲ್ ಕೊಡುವುದು ಮೂರೇ ಮಾತಿನಲ್ಲಿ: ಜಾಗ, ಎಷ್ಟು ಜನ, ಎಷ್ಟು ಹೊಡೆದೆ. "ಮೇನ್‌ನಲ್ಲಿ ಇಬ್ಬರು, ಒಬ್ಬನಿಗೆ 120." ವ್ಯಾಂಡಲ್ ಮೈಗೆ 40, ಅಂದರೆ ಮೂರು ಗುಂಡು ಬಿದ್ದಿದೆ, ಹೆವಿ ಶೀಲ್ಡ್‌ನವನಾದರೆ 30 ಉಳಿದಿದೆ. "ಅವನಿಗೆ ಜೀವ ಇಲ್ಲ, ಹೊಡೀರೋ" ಎಂದರೆ ಕೇಳಿದವನು ಹುಚ್ಚು ಧೈರ್ಯದಿಂದ ಪೀಕ್ ಮಾಡಿ ಸಾಯುತ್ತಾನೆ, ಅಂಕಿ ಹೇಳಿದರೆ ಗೋಡೆಯ ಆಚೆಯಿಂದ ಒಂದು ಗುಂಡು ಹಾಕುತ್ತಾನೆ. ಸತ್ತ ಮೇಲೆ ಆ ಒಂದು ವಾಕ್ಯ ಹೇಳಿ ಸುಮ್ಮನಾಗಬೇಕು. ಒಬ್ಬನೇ ಉಳಿದವನಿಗೆ ಹೆಜ್ಜೆ ಸಪ್ಪಳ ಕೇಳಬೇಕಿರುತ್ತದೆ.

ರೀಟೇಕ್‌ನಲ್ಲಿ (ಎದುರಾಳಿ ಸ್ಪೈಕ್ ಇಟ್ಟ ಸೈಟ್ ವಾಪಸ್ ಪಡೆಯುವಾಗ) ಅಪರಿಚಿತರು ಒಬ್ಬೊಬ್ಬರಾಗಿ ಹೋಗಿ ಸಾಯುತ್ತಾರೆ. ಸ್ಪೈಕ್ ಇಟ್ಟ ಮೇಲೆ 45 ಸೆಕೆಂಡ್, ಡಿಫ್ಯೂಸ್‌ಗೆ (ಅದನ್ನು ನಿಷ್ಕ್ರಿಯಗೊಳಿಸಲು) 7, ಅಂದರೆ 38ನೇ ಸೆಕೆಂಡಿನೊಳಗೆ ಕೈ ಇಟ್ಟರೆ ಸಾಕು. ಸೇರಲು 15 ಸೆಕೆಂಡ್ ಧಾರಾಳವಾಗಿ ಇದೆ. "ಕಾಯಿರಿ, ಮೂವರೂ ಒಟ್ಟಿಗೆ" ಎಂದು ಹೇಳಿ ನಾನೇ ನಿಂತುಬಿಡುತ್ತೇನೆ, ನಿಂತವನನ್ನು ಕಂಡರೆ ಉಳಿದವರೂ ನಿಲ್ಲುತ್ತಾರೆ. ಅರ್ಧ ಡಿಫ್ಯೂಸ್, ಅಂದರೆ 3.5 ಸೆಕೆಂಡ್, ಮುಗಿದರೆ ಅದು ಉಳಿಯುತ್ತದೆ. ಹಾಗಾಗಿ ಮೊದಲ ಸಲ ಕೈ ಹಾಕಿದವನು ಪೂರ್ತಿ ಮಾಡಬೇಕಿಲ್ಲ, ಅರ್ಧ ದಾಟಿಸಿ ಏಳಬೇಕು. ಒಂದು ಸೆಕೆಂಡ್ ಮುಟ್ಟಿ ಬಿಡುವುದು ಎದುರಾಳಿಯನ್ನು ಹೊರಗೆಳೆಯಲು ಮಾತ್ರ.

ನಡುವೆ ಬೇರೆ ಪ್ರಯೋಗಗಳೂ ಆದವು. ಒಬ್ಬ ಗೆಳೆಯನ ಜೊತೆ 40 ಮ್ಯಾಚ್: ಆಟ ಚೆಂದ, ಆದರೆ ಅವನು ನನಗಿಂತ ಮೇಲಿನ ರ‍್ಯಾಂಕಿನವನಾದ್ದರಿಂದ ಎದುರಾಳಿಗಳೂ ಗಟ್ಟಿ, ಆರ್‌ಆರ್‌ನಲ್ಲಿ ಲಾಭ ಕಾಣಲಿಲ್ಲ. ಸೆನ್ಸಿಟಿವಿಟಿ 800 ಡಿಪಿಐಗೆ 0.5ರಿಂದ 0.35ಕ್ಕೆ ಇಳಿಸಿದ್ದು ಒಳ್ಳೆಯದಾಯಿತು, ಅದಾದ ಮೇಲೆ ಮತ್ತೆ ಮುಟ್ಟಿಲ್ಲ. ಮೈಕ್ ಬಿಟ್ಟು ಬರೀ ಟೈಪ್ ಮಾಡಿ ಆಡಿದ್ದು ಪೂರ್ತಿ ವ್ಯರ್ಥ, ಟೈಪ್ ಮಾಡುವಾಗಲೇ ಸಾಯುತ್ತೇವೆ.

ಸತತ ಎರಡು ಸೋತರೆ ಅಂದಿಗೆ ನಿಲ್ಲಿಸುವುದು ಎಲ್ಲರಿಗೂ ಗೊತ್ತು, ಪಾಲಿಸುವವರು ಕಡಿಮೆ. ಎರಡು ಸೋಲಿನ ಬೆನ್ನಿಗೆ ಆಡಿದ ಮೂರನೇ ಮ್ಯಾಚ್‌ಗಳಲ್ಲಿ ನಾನು ಗೆದ್ದದ್ದು ಮೂರರಲ್ಲೊಂದು. ಪಾಲಿಸಲು ಶುರುಮಾಡಿದ ಮೇಲೆ ಪ್ಲಾಟಿನಮ್ 2ರಲ್ಲಿ ನಿಂತಿದ್ದ ಬಂಡಿ ಮತ್ತೆ ಚಲಿಸಿತು.

ಈ ವಿಧಾನ ಕೈಕೊಡುವ ಜಾಗ ಓವರ್‌ಟೈಮ್. 12-12 ಆದ ಮೇಲೆ ಪ್ರತಿ ರೌಂಡಿಗೂ ಎಲ್ಲರಿಗೂ 5000, ಕ್ರೆಡಿಟ್ಸ್ ಜಾಣತನಕ್ಕೆ ಕೆಲಸವೇ ಇಲ್ಲ. ನನ್ನ ಓವರ್‌ಟೈಮ್ ಗೆಲುವು ಅರ್ಧಕ್ಕಿಂತ ಸ್ವಲ್ಪ ಕಡಿಮೆಯೇ. ಅಲ್ಲಿ ಪದೇ ಪದೇ ಕಾಣುವ ತಪ್ಪೆಂದರೆ ಯಾರೋ ಒಬ್ಬ 4700 ಕೊಟ್ಟು ಆಪರೇಟರ್ ಸ್ನೈಪರ್ ಕೊಳ್ಳುತ್ತಾನೆ. ಉಳಿದ 300ಕ್ಕೆ ಲೈಟ್ ಶೀಲ್ಡ್ ಕೂಡ ಬರುವುದಿಲ್ಲ. ಅವನಿಗೆ ಈಗ ನಾನು ಬೇಡ ಎನ್ನುವುದಿಲ್ಲ. ರೈಫಲ್, ಹೆವಿ ಶೀಲ್ಡ್ ಕೊಂಡ ಮೇಲೆ ನನ್ನ ಬಳಿ 1100 ಉಳಿಯುತ್ತದೆ, ಅದರಲ್ಲಿ ಸ್ಮೋಕ್, ಫ್ಲ್ಯಾಶ್ ಕೊಂಡು, ಅವನು ಹಿಡಿದ ಗೆರೆಯ ಪಕ್ಕದ ದಾರಿಯನ್ನು ಮುಚ್ಚಿ, ಮೂರು ಮೀಟರ್ ಹಿಂದೆ ನಿಲ್ಲುತ್ತೇನೆ.