ಮುಂದಿನ ಕಾರಿನ ಬೆನ್ನು ಹತ್ತಿ ಸಿ 1 ತಿರುಗಿದ್ದು: ನನ್ನ ಅನುಭವ

ಚೆನ್ನೈ ರೇಸ್ ಟ್ರ್ಯಾಕಿನ ಮೊದಲ ತಿರುವು ಸಿ 1ರಲ್ಲಿ ಎರಡು ಸೀಸನ್ ನನ್ನ ಕಾರು ತಿರುಗದೆ ನೆಟ್ಟಗೆ ಮಣ್ಣಿಗೆ ಹೋಗಿದೆ. ಒಬ್ಬನೇ ಓಡಿಸಿದರೆ ಹಳಿ ಮೇಲಿದ್ದ ಹಾಗೆ ತಿರುಗುತ್ತಿತ್ತು. ಮುಂದೊಂದು ಕಾರಿದ್ದರೆ ಸಾಕು, ಮೂತಿ ಮಾತೇ ಕೇಳುತ್ತಿರಲಿಲ್ಲ. ಮೂರು ನೋಸ್‌ಕೋನ್ (ಮೂತಿಯ ಕವಚ) ಹೋದವು, ಒಂದಕ್ಕೆ ಇಪ್ಪತ್ತು ಸಾವಿರದ ಮೇಲೆ. ಆ ವರ್ಷದ ಮೆಣಸಿನ ದುಡ್ಡು ಅದಕ್ಕೇ ಸರಿಹೋಯ್ತು. ಗೋಣಿಕೊಪ್ಪದ ಗೆಳೆಯರೆಲ್ಲ ಒಂದೇ ಮಾತು: "ಬ್ರೇಕ್ ಲೇಟ್ ಮಾಡ್ತಿದ್ದೀಯ."

ಬ್ರೇಕ್ ಅಲ್ಲ ಅಂತ ಗೊತ್ತಾಗಿದ್ದು ಗದ್ದೆಯಲ್ಲಿ. ಹುತ್ತರಿ ಕಳೆದು ಕುಯ್ಲು ಮುಗಿದ ಮೇಲೆ ಗದ್ದೆ ಮಣ್ಣಲ್ಲೇ ಕಾರು ಓಡಿಸುವ ಆಟೋಕ್ರಾಸ್ ನಡೆಯುತ್ತಲ್ಲ, ಅಲ್ಲಿ ಬದುವಿನ ಮೇಲೆ ಕೂತು ಧೂಳನ್ನೇ ನೋಡುತ್ತಿದ್ದೆ. ಜಿಪ್ಸಿಯ ಹಿಂದೆ ಧೂಳು ಸುರುಳಿ ಸುತ್ತಿ ಮೇಲೇಳುತ್ತದೆ, ನಾಲ್ಕಡಿ ಪಕ್ಕದಲ್ಲಿ ಗಾಳಿ ತಿಳಿಯಾಗಿಯೇ ಇರುತ್ತದೆ. ಗಾಳಿಯ ಬಲದಿಂದ ಮೂತಿಯನ್ನು ನೆಲಕ್ಕೆ ಒತ್ತಬೇಕಾದ ನನ್ನ ಫ್ರಂಟ್ ವಿಂಗ್ ಆ ಸುರುಳಿ ಒಳಗೇ ಕೂತಿತ್ತು!

ಮುಂದಿನ ಪ್ರಾಕ್ಟೀಸ್‌ಗೆ, ಗಾಳಿ ಹರಿದ ಗುರುತು ಕಾಣಲಿ ಅಂತ, ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡಿ ಉಳಿದಿದ್ದ ಸುಣ್ಣವನ್ನು ಸೀಮೆಎಣ್ಣೆಗೆ ಕಲಸಿ ವಿಂಗ್‌ಗೆ ಬಳಿದೆ. ಮೊದಲ ಸಲ ಗಟ್ಟಿಯಾಗಿ ಹಕ್ಕಳೆ ಎದ್ದು ಬಂತು. ತೆಳುವಾಗಿ ಬಳಿದ ಮೇಲೆ ಬಾಚಿದಂಥ ಗೆರೆ. ಗೆಳೆಯನ ಕಾರಿನ ಹಿಂದೆ ನಾಲ್ಕು ಲ್ಯಾಪ್ ಓಡಿಸಿ ನೋಡಿದರೆ ನಡುವೆಲ್ಲ ಕಲಸಿಹೋಗಿತ್ತು, ಬಲತುದಿಯ ಒಂದು ಗೇಣು ಮಾತ್ರ ಗೆರೆ ಹಾಗೇ ಇತ್ತು. ಎಫ್ 1ನವರು 2022ರಲ್ಲಿ ಕಾರನ್ನೇ ಬದಲಿಸಿದ್ದು ಈ ಕಾಟಕ್ಕೇ. ಹಳೇ ಕಾರುಗಳು 20 ಮೀಟರ್ ಹಿಂದಿದ್ದರೆ ಸುಮಾರು 35% ಡೌನ್‌ಫೋರ್ಸ್, ಅಂದರೆ ಕಾರನ್ನು ನೆಲಕ್ಕೆ ಒತ್ತುವ ಗಾಳಿಯ ಬಲ, ಕಳೆದುಕೊಳ್ಳುತ್ತಿದ್ದವು.

ನಾನು ಮಾಡಿದ್ದು ಇಷ್ಟು. ಸ್ಟ್ರೇಟ್‌ನಲ್ಲಿ ಪೂರ್ತಿ ಟೋ (ಮುಂದಿನ ಕಾರಿನ ಮರೆಯಲ್ಲಿ ಸಿಗುವ ವೇಗ) ತಗೊಂಡು, ಬ್ರೇಕಿಂಗ್‌ಗೆ ಮುಂಚೆಯೇ ಅರ್ಧ ಕಾರು ಪಕ್ಕಕ್ಕೆ ಸರಿದೆ. ವಿಂಗ್‌ನ ಒಂದು ಬದಿಗಾದರೂ ತಿಳಿ ಗಾಳಿ ಸಿಗಲಿ ಅಂತ. ಫ್ರಂಟ್ ಫ್ಲ್ಯಾಪ್ (ವಿಂಗ್‌ನ ಓರೆ ಬದಲಿಸುವ ಪಟ್ಟಿ) ಎರಡು ತೂತು ಮೇಲೆ ಏರಿಸಿದೆ. "ಟೋ ಬಿಟ್ಟುಕೊಟ್ಟರೆ ಪಾಸ್ ಎಲ್ಲಿ ಮಾಡ್ತೀಯ?" ಅಂದರು ಗೆಳೆಯರು. ಫ್ಲ್ಯಾಪ್ ಏರಿಸಿದ್ದಕ್ಕೆ ಒಬ್ಬನೇ ಓಡುವಾಗ ಹಿಂಭಾಗ ಬೀಸತೊಡಗಿತು, ಎರಡು ಸಲ ಸ್ಪಿನ್ ಆದೆ. ಅದನ್ನು ಹಿಂದಿನ ಆಂಟಿ ರೋಲ್ ಬಾರ್‌ನಲ್ಲಿ (ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಸರಳು) ಸರಿ ಮಾಡಿದೆ. ಎಷ್ಟು ಅಂತ ಇಲ್ಲಿ ಬರೆಯಲ್ಲ, ಅದಕ್ಕೆ ಒಂದು ಸೆಟ್ ಟೈರ್ ತೆತ್ತಿದ್ದೇನೆ.

ಇನ್ನೊಂದು ಲಾಭ ನಾನು ಎಣಿಸಿಯೇ ಇರಲಿಲ್ಲ. ಸಾಲಲ್ಲಿ ಅಂಟಿಕೊಂಡು ಓಡುವಾಗ 105 ಡಿಗ್ರಿ ಮುಟ್ಟುತ್ತಿದ್ದ ಎಂಜಿನ್ನಿನ ನೀರು ಈಗ ತೊಂಬತ್ತೈದರ ಆಸುಪಾಸಿನಲ್ಲೇ ನಿಲ್ಲುತ್ತದೆ. ಆರು ಲ್ಯಾಪಿಗೇ ಜಾರಿ ಜಾರಿ ಸವೆಯುತ್ತಿದ್ದ ಮುಂದಿನ ಟೈರು ಪೂರ್ತಿ ರೇಸ್ ಬಂತು.

ಕಳೆದ ರೇಸಿನಲ್ಲಿ ಒಂಬತ್ತನೇ ಸ್ಥಾನದಿಂದ ಹೊರಟು ನಾಲ್ಕಕ್ಕೆ ಬಂದೆ. ಮೂರು ಪಾಸ್ ಸಿ 1ರಲ್ಲೇ. "ಬ್ರೇಕ್ ಲೇಟ್" ಅಂದವನೇ ಮೊನ್ನೆ ಗ್ಯಾರೇಜಿಗೆ ಬಂದು, ಮೊಣಕಾಲೂರಿ, ನನ್ನ ಫ್ಲ್ಯಾಪಿನ ತೂತು ಎಣಿಸುತ್ತಿದ್ದ.